ಮಂತ್ರ ಹಾಕಿ ಕಟ್ಟಿದ ಹಲ್ಲಿನ ಉಂಗುರ

ದೇವರು ಮನುಷ್ಯನಿಗೆ ಹಲ್ಲನ್ನು ಎರಡು ಸಲ ಕೊಟ್ಟಿದ್ದಾನೆ. ಮೊದಲ ಸಲ ಕೊಟ್ಟದ್ದನ್ನು ನಾವು ಚಾಕಲೇಟಿಗೆ ಹಾಕಿ ಕಳೆದುಕೊಳ್ಳುತ್ತೇವೆ ಅಂತ ಅವನಿಗೆ ಮೊದಲೇ ಗೊತ್ತಿತ್ತು ಎಂದು ಕಾಣುತ್ತದೆ. ಆ ಎರಡು ಕೊಡುಗೆಗಳ ನಡುವಿನ ಸಂದಿಯಲ್ಲಿ ನನ್ನ ಹೊಟ್ಟೆಪಾಡು ನಡೆದಿದೆ. ಆ ಸಂದಿಯಲ್ಲಿ ಏನಾದರೊಂದು ನಗೆಪಾಟಲು ಆಗದ ವಾರವೇ ಇಲ್ಲ.

ನಾನು ಹಲ್ಲಿನ ಡಾಕ್ಟರು. ಬೈಲಹೊಂಗಲದಲ್ಲಿ ನನ್ನ ದವಾಖಾನೆ. ವಾರದಲ್ಲಿ ಒಂದೊಂದು ದಿನ ಕಿತ್ತೂರು, ಸವದತ್ತಿ, ರಾಮದುರ್ಗಕ್ಕೂ ಹೋಗಿ ಬರುತ್ತೇನೆ. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರು ಮಕ್ಕಳು. ಹಾಲುಹಲ್ಲು ಹುಳುಕು ಹಿಡಿದು ಕಾಲಕ್ಕೆ ಮೊದಲೇ ಬಿದ್ದರೆ, ಅಥವಾ ನಾನೇ ಕೀಳಬೇಕಾಗಿ ಬಂದರೆ, ಅಲ್ಲಿ ಒಂದು ಖಾಲಿ ಜಾಗ ಉಳಿಯುತ್ತದೆ. ಹೊಸ ಹಲ್ಲು ಬರುವ ತನಕ ಆ ಜಾಗ ಕಾಯಬೇಕು. ಅದಕ್ಕೆ ಪಕ್ಕದ ದವಡೆ ಹಲ್ಲಿಗೆ ಒಂದು ಸ್ಟೀಲಿನ ಉಂಗುರ ತೊಡಿಸಿ, ಉಂಗುರದಿಂದ ಒಂದು ತಂತಿಯನ್ನು ಬಾಗಿಸಿ ಮುಂದಿನ ಹಲ್ಲಿಗೆ ತಾಗಿಸಿ ಕೂರಿಸುತ್ತೇವೆ. ಪುಸ್ತಕದಲ್ಲಿ ಅದಕ್ಕೆ ಸ್ಪೇಸ್ ಮೇಂಟೇನರ್ ಅಂತ ಹೆಸರು. ನಮ್ಮ ಕಡೆ ಜನ ಅದನ್ನು ಹಲ್ಲಿನ ಉಂಗುರ ಅನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ.

ಸಿಮೆಂಟು ಹಚ್ಚಿ ಉಂಗುರ ಕೂರಿಸಿದ ಮೇಲೆ ಅದು ಗಟ್ಟಿಯಾಗುವವರೆಗೆ ಒತ್ತಿ ಹಿಡಿಯಬೇಕು. ಆ ಹೊತ್ತಿನಲ್ಲಿ ಸುಮ್ಮನೆ ಇರಲಾರದೆ ನಾನು ಮೆಲ್ಲಗೆ ಪಂಚಾಕ್ಷರಿ ಹೇಳಿಕೊಳ್ಳುತ್ತೇನೆ. ಬೆರಳು ಮಗುವಿನ ಬಾಯಲ್ಲಿ, ಶಿವನ ಹೆಸರು ನನ್ನ ಬಾಯಲ್ಲಿ. ಯಾರಿಗೂ ತೊಂದರೆ ಕೊಡದ ರೂಢಿ ಅಂತ ತಿಳಿದಿದ್ದೆ. ಆದರೆ ಈ ರೂಢಿಯಿಂದಲೇ ಮುರಗೋಡದ ಒಂದು ಹುಡುಗಿಯ ಹೊಸ ಹಲ್ಲಿಗೆ ಹೊರಗೆ ಬರಲು ದಾರಿ ಇಲ್ಲದಂತಾಗಿತ್ತು. ಅದನ್ನು ಹೇಳಲೆಂದೇ ಬರೆಯಲು ಕೂತಿದ್ದೇನೆ. ನಡುವೆ ಬೇರೆಯವರು ನೆನಪಾದರೆ ಅವರನ್ನು ಬಾಗಿಲಲ್ಲಿ ನಿಲ್ಲಿಸುವುದು ಸರಿಯಲ್ಲ, ಒಳಗೆ ಕರೆಯುತ್ತೇನೆ.

ಸವದತ್ತಿಯ ಟವೆಲ್

ಸವದತ್ತಿಯಲ್ಲಿ ಒಬ್ಬ ಕಾಳಿನ ವ್ಯಾಪಾರಿ ಮಗನನ್ನು ಕರೆತಂದಿದ್ದರು. ಹುಡುಗನ ಹಾಲುದವಡೆ ಪೂರ್ತಿ ಹುಳುಕಾಗಿ ಕೀಳಬೇಕಾಯಿತು. ಇನ್ನು ಉಂಗುರ ಹಾಕಬೇಕು ಅಂದೆ. ಅವರು ಒಪ್ಪಲಿಲ್ಲ.

“ಹಾಲುಹಲ್ಲು ಅಂದ್ರ ಹೆಂಗೂ ಬೀಳೂದರಿ ಅಕ್ಕಾರ. ಬಿದ್ದ ಹೋದದ್ದಕ್ಕ ಉಂಗುರ ಯಾಕ?”

ನನಗೆ ಒಂದು ಒಳ್ಳೆಯ ಉಪಮೆ ಹೊಳೆಯಿತು. “ನೀವು ಇಲ್ಲಿಗೆ ಬಸ್ಸಿಗೆ ಬಂದ್ರೇನ್ರಿ?”

“ಹೌದ್ರಿ.”

“ಸೀಟ್ ಹೆಂಗ ಹಿಡದ್ರಿ?”

“ಕಿಡಕ್ಯಾಗಿಂದ ಟವೆಲ್ ಒಗದ್ನಿ.”

“ಯಾಕ?”

“ಇಲ್ಲಂದ್ರ ಬಾಜೂದವ ಸರಕೊಂಡ ಕುಂಡರತಾನಲ್ರಿ.”

“ನೋಡ್ರಿ, ನಿಮ್ಮ ಹುಡುಗನ ಹೊಸ ಹಲ್ಲು ಇನ್ನೂ ಬಸ್ ಹತ್ತಿಲ್ಲ. ಹಿಂದಿನ ದವಡಿ ಹಲ್ಲು ಮುಂದ ಸರದು ಅದರ ಸೀಟ್ ನುಂಗತೈತಿ. ಆಮ್ಯಾಲೆ ಹೊಸಾದು ಬಂದು ಎಲ್ಲೆ ಕುಂಡರಬೇಕು? ಅದಕ್ಕ ಈ ಉಂಗುರ. ನಿಮ್ಮ ಟವೆಲ್ ಇದ್ದಂಗ.”

ಹೇಳಿ ಮುಗಿಸಿ, ಇಷ್ಟು ಚೆನ್ನಾಗಿ ತಿಳಿಸಿ ಹೇಳುವ ಬುದ್ಧಿ ಕೊಟ್ಟ ಶಿವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ವ್ಯಾಪಾರಿ ಮಾತ್ರ ಮುಖ ಸಣ್ಣದು ಮಾಡಿಕೊಂಡರು.

“ನೀವು ಈ ಕಡಿ ಬಸ್ಸಿನ್ಯಾಗ ಓಡಾಡೂದಿಲ್ಲ ಅಂತ ಕಾಣತೈತಿ. ದೇವಿ ಗುಡ್ಡಕ್ಕ ಹೊಂಟ ಮಂದಿ ನನ್ನ ಟವೆಲ್ ಚಂದಂಗ ಮಡಚಿ ನನ್ನ ಕೈಯಾಗ ಕೊಟ್ಟು ಕುಂತಬಿಟ್ರು. ಸವದತ್ತಿ ತನಕ ನಿಂತಕೊಂಡ ಬಂದೇನಿ.”

ಉಪಮೆ ಕೈಕೊಟ್ಟಿತು. ನಾನು ಉಂಗುರ ತೆಗೆದು ಅವರ ಅಂಗೈಯಲ್ಲಿಟ್ಟೆ. “ಇದು ಸ್ಟೀಲ್ ಐತ್ರಿ. ಮ್ಯಾಲೆ ಸಿಮೆಂಟ್ ಹಾಕಿ ಕೂಡಸ್ತೇನಿ. ಇದನ್ನ ಯಾರೂ ಮಡಚಾಕ ಬರೂದಿಲ್ಲ.”

ಅವರು ಅದನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಉಗುರಿನಿಂದ ತಟ್ಟಿ ನೋಡಿದರು. ಮುಖ ಅರಳಿತು. “ಹಂಗಾರ ಹುಡುಗಗ ಹಾಕ್ರಿ. ಇಂಥಾದ್ದ ಒಂದು ದೊಡ್ಡ ಸೈಜಿನ್ಯಾಗ ನನಗೂ ಮಾಡಿಕೊಡ್ರಿ, ಸಂಜೀಕ ತಿರುಗಿ ಹೋಗೂ ಬಸ್ಸಿಗೆ ಬೇಕಾಕ್ಕೈತಿ.”

ಮುರಗೋಡದ ಆಯಿ

ಇನ್ನು ನಾನು ಹೇಳಿದ ಆ ಹುಡುಗಿ. ಎರಡನೇ ಇಯತ್ತೆಯಲ್ಲಿ ಓದುತ್ತಿದ್ದಾಗ ಅವಳನ್ನು ಬೈಲಹೊಂಗಲದ ನನ್ನ ದವಾಖಾನೆಗೆ ಕರೆತಂದದ್ದು ಅವಳ ಅಜ್ಜಿ. ನಮ್ಮ ಕಡೆ ಅಜ್ಜಿಯನ್ನು ಆಯಿ ಅನ್ನುತ್ತೇವೆ. ಈ ಆಯಿಗೆ ಮುರಗೋಡದಲ್ಲಿ ಹೊಲ ಮನೆ ಉಂಟು, ಹಣೆ ತುಂಬ ವಿಭೂತಿ ಉಂಟು, ಮನೆಯಲ್ಲಿ ಅವರ ಮಾತಿಗೆ ಎದುರು ಮಾತು ಮಾತ್ರ ಇಲ್ಲ. ಚಪ್ಪಲಿ ಹೊರಗೆ ಬಿಟ್ಟು, ಹೊಸ್ತಿಲಿಗೆ ನಮಸ್ಕಾರ ಮಾಡಿ, ಗೋಡೆಯ ಮೇಲಿನ ದೇವರ ಫೋಟೋಕ್ಕೆ ಮಾಡಿ, ಕಡೆಗೆ ಹಲ್ಲು ಕೀಳುವ ಕುರ್ಚಿಗೂ ಒಂದು ಮಾಡಿದರು.

ಹುಡುಗಿಯ ಕೆಳದವಡೆಯ ಹಾಲುಹಲ್ಲು ಕಿತ್ತೆ. ಆಯಿ ಅದನ್ನು ಹತ್ತಿಯಲ್ಲಿ ಸುತ್ತಿಸಿಕೊಂಡು ಸೆರಗಿಗೆ ಗಂಟು ಹಾಕಿಕೊಂಡರು. ಸಗಣಿಯಲ್ಲಿಟ್ಟು ಮಾಳಿಗೆಯ ಮೇಲೆ ಒಗೆಯಬೇಕಂತೆ. ಮುಂದಿನ ವಾರ ಉಂಗುರ ಸಿದ್ಧವಾಗಿ ಬಂತು. ನಾನು ಕೂರಿಸಿ, ಒತ್ತಿ ಹಿಡಿದು, ಎಂದಿನಂತೆ ಶಿವನಾಮ ಶುರು ಮಾಡಿದೆ. ಮೊಮ್ಮಗಳ ಕಾಲ ಹೆಬ್ಬೆರಳು ಹಿಡಿದು ನಿಂತಿದ್ದ ಆಯಿಯ ಕಿವಿ ನೆಟ್ಟಗಾಯಿತು. ಬೆರಳು ಬಿಟ್ಟು ಕೈ ಮುಗಿದು ಕಣ್ಣು ಮುಚ್ಚಿ ನಿಂತುಬಿಟ್ಟರು. ಸಿಮೆಂಟು ಗಟ್ಟಿಯಾಗಿ ನಾನು ಕೈ ತೆಗೆದಾಗ ಅವರ ಕಣ್ಣಲ್ಲಿ ನೀರಿತ್ತು.

“ಮಂತ್ರಾ ಹಾಕಿ ಕಟ್ಟತೀರೇನ್ರಿ ತಂಗಿ?”

“ಮಂತ್ರಾ ಅಂತಲ್ಲ ಆಯಿ, ಒತ್ತಿ ಹಿಡಿಯೂವಾಗ ದೇವರ ಹೆಸರು ಹೇಳೂ ರೂಢಿ. ಹೊಸ ಹಲ್ಲು ಬಂದ ಮ್ಯಾಲೆ ಇದನ್ನ ತಗದಬಿಡತೇನಿ. ಅಲ್ಲೀತನಕ ನಡು ನಡು ತೋರಸಾಕ ಬರ್ರಿ.”

ಅವರು ತಲೆಯಾಡಿಸಿದರು. ನನ್ನ ಮಾತಿನ ಮೊದಲ ಪದ ಮಾತ್ರ ಅವರ ಕಿವಿಗೆ ಹೋಗಿದೆ ಎಂದು ನನಗೆ ಆಗ ತಿಳಿಯಲಿಲ್ಲ. ಸ್ವಲ್ಪ ದಿನದಲ್ಲೇ ತಿಳಿಯಿತು. ಮುರಗೋಡದಿಂದ ಒಬ್ಬರು ಬಂದು ಕೂತರು. ಜೊತೆಗೆ ಮಗು ಇಲ್ಲ, ತಮ್ಮ ಹಲ್ಲಿಗೂ ಏನೂ ಆಗಿಲ್ಲ.

“ಮತ್ತ ಯಾರಿಗೆ ತ್ರಾಸ ಐತ್ರಿ?” ಎಂದೆ.

“ನಮ್ಮ ಎಮ್ಮಿ ಮೇವ ಬಿಟ್ಟೈತ್ರಿ. ಬಾಜೂಮನಿ ಆಯಿ ಹೇಳಿದ್ರು, ನೀವು ಮಂತ್ರಾ ಹಾಕಿ ಹಲ್ಲಿಗೆ ಉಂಗುರ ಕಟ್ಟತೀರಂತ. ಎಮ್ಮಿ ಕರ್ಕೊಂಡ ಬರಬೇಕೋ, ಉಂಗುರ ಒಂದ ಒಯ್ದರ ನಡೀತೈತೋ?”

ತೊರಗಲ್ಲಿನ ಇರುವೆ

ರಾಮದುರ್ಗದಲ್ಲಿ ಒಬ್ಬ ಹುಡುಗ ನನ್ನ ಭಕ್ತಿಯನ್ನೇ ಹಿಡಿದು ನನ್ನನ್ನು ಅಡ್ಡಗಟ್ಟಿದ. ತೊರಗಲ್ಲಿನವನು. ಕೋಟೆ ಇರುವ ಊರಿನ ಹುಡುಗ, ಬಾಯಿಯನ್ನೂ ಕೋಟೆಯ ಬಾಗಿಲಿನ ಹಾಗೆ ಭದ್ರ ಮಾಡಿಕೊಂಡು ಕೂತಿದ್ದ. ಉಂಗುರದ ಅಳತೆಗೆಂದು ಹಲ್ಲಿನ ಸಂದಿಯಲ್ಲಿ ಒಂದು ಸಣ್ಣ ರಬ್ಬರ್ ಸಿಕ್ಕಿಸಬೇಕಿತ್ತು, ಅಷ್ಟೇ. ಅವನ ತಾಯಿ ಬೇಡಿಕೊಂಡರು, ನಾನು ಬೇಡಿಕೊಂಡೆ. ಕಡೆಗೆ ಹಲ್ಲು ಕಚ್ಚಿಕೊಂಡೇ ಕೇಳಿದ:

“ನೋಯಂಗಿಲ್ಲ ಅಂತ ದೇವರ ಆಣಿ ಮಾಡ್ರಿ.”

ಬೇರೆ ಡಾಕ್ಟರಾಗಿದ್ದರೆ ಮಾಡಿ ಮುಗಿಸುತ್ತಿದ್ದರೋ ಏನೋ. ನನಗೆ ದೇವರ ಹೆಸರಿನಲ್ಲಿ ಸುಳ್ಳು ಹೇಳಲು ಬರುವುದಿಲ್ಲ. ರಬ್ಬರ್ ಸಿಕ್ಕಿಸಿದರೆ ಸ್ವಲ್ಪ ಒತ್ತುತ್ತದೆ ಎಂಬುದು ನನಗೂ ಗೊತ್ತು, ದೇವರಿಗೂ ಗೊತ್ತು.

“ಆಣಿ ಬ್ಯಾಡಪಾ. ಖರೇ ಹೇಳತೇನಿ. ಇರುವಿ ಕಚ್ಚಿದಂಗ ಆಕ್ಕೈತಿ, ಅಷ್ಟ.”

ಹುಡುಗ ವಿಚಾರ ಮಾಡಿದ. “ಕರಿ ಇರುವಿನೋ, ಕೆಂಪ ಇರುವಿನೋ?”

ಈ ಪ್ರಶ್ನೆಗೆ ನಮ್ಮ ಕಾಲೇಜಿನಲ್ಲಿ ಉತ್ತರ ಕಲಿಸಿರಲಿಲ್ಲ. ಕರಿ ಅಂದು ಆಮೇಲೆ ಹೆಚ್ಚು ನೋವಾದರೆ ಮಾತು ಸುಳ್ಳಾಗುತ್ತದೆ. ಸತ್ಯದ ಕಡೆಗೇ ನಾಲ್ಕು ಹೆಜ್ಜೆ ಹೆಚ್ಚು ಇರಲಿ ಅಂತ, “ಕೆಂಪದ. ಆದ್ರ ಸಣ್ಣದು” ಅಂದೆ.

ತಾಯಿ ತಲೆ ಮೇಲೆ ಕೈ ಹೊತ್ತುಕೊಂಡರು. ಹುಡುಗ ಮಾತ್ರ ಕಣ್ಣು ಗಟ್ಟಿಯಾಗಿ ಮುಚ್ಚಿ, ಯುದ್ಧಕ್ಕೆ ಹೊರಟವನ ಹಾಗೆ ಬಾಯಿ ತೆರೆದ. ನಾನು ಶಿವನ ಹೆಸರು ಹೇಳಿ ರಬ್ಬರ್ ಸಿಕ್ಕಿಸಿದೆ. ಮುಗಿಯಿತು. ಒಂದು ಕಣ್ಣು ತೆರೆದ, ಇನ್ನೊಂದು ತೆರೆದ, ನಾಲಿಗೆಯಿಂದ ಮುಟ್ಟಿ ನೋಡಿದ.

“ಹೆಂಗಿತ್ತು?” ಎಂದೆ.

“ಕರಿ ಇರುವಿನ ಇತ್ತಲ್ರಿ” ಎಂದ. ಕುರ್ಚಿಯಿಂದ ಇಳಿದು, ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿ, ತಾಯಿಗೆ ಹೇಳಿದ: “ಇಷ್ಟ ವಿಭೂತಿ ಹಚ್ಚಿಕೊಂಡು ಎಷ್ಟ ಸುಳ್ಳ ಹೇಳತಾರವ್ವಾ.”

ಕಿತ್ತೂರಿನ ಅಜ್ಜನ ಬಾಯಿ

ಉಂಗುರ ಹಾಕಿದ ಮೇಲೆ ಜಿಗುಟು ಪದಾರ್ಥ ತಿನ್ನಬಾರದು ಎಂದು ಎಲ್ಲರಿಗೂ ಹೇಳಿ ಕಳಿಸುತ್ತೇನೆ. ಆದರೆ ನಮ್ಮ ಸೀಮೆಯಲ್ಲಿ ಕರದಂಟು ಇಲ್ಲದ ಮದುವೆ ಇಲ್ಲ. ಬೆಲ್ಲ, ಅಂಟು, ಒಣಹಣ್ಣು ಸೇರಿಸಿ ಮಾಡಿದ ಆ ಮಿಠಾಯಿ ಹಲ್ಲಿಗೆ ಅಂಟಿದರೆ ಸಿಮೆಂಟಿಗೂ ಅದಕ್ಕೂ ಕುಸ್ತಿ ಬಿದ್ದ ಹಾಗೆ. ಗೆಲ್ಲುವುದು ಕರದಂಟೇ.

ಕಿತ್ತೂರಿನಲ್ಲಿ ಒಬ್ಬ ಅಜ್ಜನಿಗೆ ಮೇಲೆ ಕೆಳಗೆ ಪೂರ್ತಿ ಹಲ್ಲಿನ ಸೆಟ್ಟು ಮಾಡಿಕೊಟ್ಟಿದ್ದೆ. ಒಂದು ದಿನ ಸಿಟ್ಟಿನಲ್ಲಿ ಬಂದರು. ಹಿಂದೆ ಮೊಮ್ಮಗ. ಅಜ್ಜ ಕರವಸ್ತ್ರ ಬಿಚ್ಚಿ ಒಂದು ತಂತಿ ತೋರಿಸಿದರು.

“ನೀವು ಮಾಡಿಕೊಟ್ಟ ಸೆಟ್ ಮುರದೈತಿ ನೋಡ್ರಿ. ಲಗ್ನದ ಮನ್ಯಾಗ ಕರದಂಟ ತಿನ್ನೂವಾಗ ಕಟ್ ಅಂತು. ಒಳಗಿನ ತಂತಿನ ಹೊರಗ ಬಂದೈತಿ.”

“ಅಜ್ಜಾರ, ನಿಮ್ಮ ಸೆಟ್ಟಿನ್ಯಾಗ ತಂತಿ ಇಲ್ರಿ.”

“ಇಲ್ಲಂದ್ರ ಇದು ನನ್ನ ಬಾಯಾಗ ಹೆಂಗ ಬಂತು? ಲಗ್ನದ ಮನಿಯವ್ರು ಕರದಂಟಿನ್ಯಾಗ ತಂತಿ ಹಾಕಸ್ಯಾರೇನು?”

ಸೆಟ್ಟು ತೆಗೆಸಿ ತಿರುಗಿಸಿ ನೋಡಿದೆ, ಎಲ್ಲಿಯೂ ಬಿರುಕಿಲ್ಲ. ಕರವಸ್ತ್ರದಲ್ಲಿದ್ದದ್ದು ತಂತಿಯಷ್ಟೇ ಅಲ್ಲ, ಜೊತೆಗೆ ಬೆಲ್ಲ ಮೆತ್ತಿದ ಉಂಗುರವೂ ಇತ್ತು. ನಾನು ಮೊಮ್ಮಗನ ಕಡೆ ನೋಡಿದೆ. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಮೇಲಿನ ಹಲ್ಲುಜ್ಜುವ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ. ಅವನಿಗೂ ನಾನೇ ಉಂಗುರ ಹಾಕಿದ್ದೆ.

ಮೆಲ್ಲಗೆ ಕೇಳಿದ ಮೇಲೆ ಬಾಯಿಬಿಟ್ಟ. ಕರದಂಟು ಕಚ್ಚಿದನಂತೆ, ಉಂಗುರ ಅದರಲ್ಲೇ ಸಿಕ್ಕಿಕೊಂಡು ಕಿತ್ತು ಬಂತಂತೆ, ನಾನು ಬಯ್ಯುತ್ತೇನೆ ಅಂತ ಹೆದರಿ ಕಚ್ಚಿದ ತುಂಡನ್ನು ಮೆತ್ತಗೆ ಅಜ್ಜನ ತಾಟಿನಲ್ಲಿ ಇಟ್ಟನಂತೆ. ಅಜ್ಜನಿಗೆ ಕಣ್ಣು ಮಂದ.

ಅಜ್ಜನ ಸಿಟ್ಟು ಇಳಿಯಿತು. ಮೊಮ್ಮಗನ ತಲೆ ಸವರಿದರು. ನಾನು ಉಂಗುರ ತೊಳೆದು ಹುಡುಗನಿಗೆ ಮತ್ತೆ ಕೂರಿಸಲು ಸಿದ್ಧ ಮಾಡುತ್ತಿದ್ದೆ. ಅಜ್ಜ ಕುರ್ಚಿಯ ಹತ್ತಿರ ಬಂದು ಕೇಳಿದರು:

“ಇದನ್ನ ಹಾಕಿದ್ರ ಹೊಸ ಹಲ್ಲ ಬರತೈತಿ ಅಂತೀರಿ.”

“ಹೊಸ ಹಲ್ಲಿಗೆ ಜಾಗಾ ಕಾಯತೈತ್ರಿ ಅಜ್ಜಾರ.”

“ನನ್ನ ಬಾಯಾಗ ಜಾಗಾ ಭಾಳ ಐತಿ. ಹೆಂಗೂ ದೇವ್ರ ಅದನ್ನ ನನ್ನ ಬಾಯಿಗೆ ಕಳಿಸ್ಯಾನ, ಒಂದ ಎಂಟ ದಿನಾ ನನಗ ಕೂಡಿಸಿ ನೋಡೋಣಲ್ರಿ.”

ಐನಾರ ಮುಹೂರ್ತ

ಮುರಗೋಡದ ಹುಡುಗಿ ಬೆಳೆದಳು, ನಡು ನಡುವೆ ತೋರಿಸಲು ಮಾತ್ರ ಯಾರೂ ಕರೆತರಲಿಲ್ಲ. ನಾಲ್ಕನೇ ಇಯತ್ತೆಯ ಕೊನೆಗೆ ಅವಳ ತಾಯಿ ಕರೆದುಕೊಂಡು ಬಂದರು. ರೊಟ್ಟಿ ಅಗಿಯುವಾಗ ನೋವು ಅಂತ. ನೋಡಿದರೆ ಉಂಗುರದ ತಂತಿಯ ಕೆಳಗೆ ವಸಡು ಉಬ್ಬಿ ಬೆಳ್ಳಗಾಗಿದೆ. ಎಕ್ಸ್-ರೇ ತೆಗೆದೆ. ಹೊಸ ಹಲ್ಲು ತಂತಿಗೆ ತಲೆ ತಾಗಿಸಿಕೊಂಡು ನಿಂತಿದೆ. ಜಾಗ ಕಾಯುತ್ತಿದ್ದವನೇ ಈಗ ಬಾಗಿಲಿಗೆ ಅಡ್ಡ.

“ಉಂಗುರ ಇವತ್ತ ತಗದ ಬಿಡೂಣ” ಎಂದೆ. “ತಡಾ ಆದ್ರ ಹಲ್ಲು ದಾರಿ ಸಿಗದ ಗಲ್ಲದ ಕಡೆ ಹೊಳ್ಳಿ ಅಡ್ಡ ಬರತೈತಿ. ಆಮ್ಯಾಲೆ ಅದನ್ನ ಸಾಲಿಗೆ ತರೂದು ದೊಡ್ಡ ಕೆಲಸ.”

ತಾಯಿಯ ಮುಖ ಬಾಡಿತು. “ಅತ್ತೆಯವ್ರನ್ನ ಕೇಳಬೇಕ್ರಿ.”

ಮರುದಿನ ಆಯಿ ಮೊಮ್ಮಗಳನ್ನು ಕರೆದುಕೊಂಡು ಬಂದರು. ಈ ಸಲ ಕುರ್ಚಿಗೆ ನಮಸ್ಕಾರ ಇಲ್ಲ. ನೇರವಾಗಿ ಇಕ್ಕಳದ ಕಡೆ ಬೊಟ್ಟು ಮಾಡಿದರು.

“ಅದರಿಂದ ಕಿತ್ತ ಒಗೀತೀರೇನು? ಮಂತ್ರಾ ಹಾಕಿ ಕಟ್ಟಿದ್ದನ್ನ? ಅದೇನ ಬೇಲಿ ಮುಳ್ಳೇನು?”

“ಆಯಿ, ಅದು ನಿಂತಿದ್ದು ಸಿಮೆಂಟಿನಿಂದ.”

“ಸಿಮೆಂಟಿಗೆ ನಾ ಏನೂ ಅಂದಿಲ್ಲ. ಮಂತ್ರಾ ಹಾಕಿದ್ರೋ ಇಲ್ಲೋ? ಲಿಂಗಾ ಮುಟ್ಟಿ ಹೇಳ್ರಿ.”

ನನ್ನ ಕೈ ಎದೆಯ ಮೇಲಿನ ಲಿಂಗದ ಹತ್ತಿರ ಹೋಯಿತು. ಇಲ್ಲ ಅಂದುಬಿಟ್ಟರೆ ಅರ್ಧ ಗಳಿಗೆಯಲ್ಲಿ ಹುಡುಗಿಯ ನೋವು ಮುಗಿಯುತ್ತದೆ. ಆದರೆ ಲಿಂಗ ಕೈಯಲ್ಲಿದೆ. ತೊರಗಲ್ಲಿನ ಹುಡುಗನ ಮಾತು ಕಿವಿಯಲ್ಲಿದೆ.

“ಶಿವನ ಹೆಸರು ಹೇಳಿದ್ದು ಹೌದು ಆಯಿ. ಆದ್ರ ಅದು ಬರೇ ರೂಢಿ.”

“ರೂಢಿಲೆ ಕರದ್ರೂ ಅಂವ ಬರತಾನ.”

ಪ್ರತಿದಿನ ಪೂಜೆಗೆ ಕೂತಾಗ ನಾನು ನಂಬಿರುವುದೂ ಅದನ್ನೇ. ನನ್ನ ನಂಬಿಕೆಯನ್ನೇ ಎತ್ತಿ ನನ್ನ ಎದುರಿಗೆ ಇಟ್ಟು ಅವರು ಬಾಗಿಲು ಹಾಕಿಬಿಟ್ಟರು. ಆಮೇಲೆ ಸಾಕ್ಷಿಗಳನ್ನು ಎಣಿಸಿದರು: ಉಂಗುರ ಹಾಕಿದ ಮೇಲೆ ಹುಡುಗಿಗೆ ಜ್ವರ ಬಂದಿಲ್ಲ, ಶಾಲೆಯಲ್ಲಿ ಮೊದಲ ನಂಬರು ತಪ್ಪಿಲ್ಲ, ಮೇವು ಬಿಟ್ಟಿದ್ದ ಆ ಬಾಜೂಮನೆಯ ಎಮ್ಮೆಯೂ ಹುಡುಗಿ ಹೋಗಿ ಮುಟ್ಟಿದ ಮೇಲೆಯೇ ಮೇವು ತಿಂದಿತಂತೆ.

“ಲಗ್ನದಾಗ ಕಂಕಣಾ ಕಟ್ಟಿದ್ರ ಬಿಚ್ಚಾಕ ಒಂದ ಕ್ರಮ ಇಲ್ಲೇನು? ಕಟ್ಟಿದ್ದು ಹಂಗ ಬಿಚ್ಚಬಾರದು” ಎಂದರು. ಅಂದರು ನಿಜ, ಆದರೆ ಕಣ್ಣು ಮೊಮ್ಮಗಳ ಗಲ್ಲದ ಮೇಲೇ ಇತ್ತು. ಹುಡುಗಿ ಕೈಯಿಂದ ಗಲ್ಲ ಒತ್ತಿ ಹಿಡಿದು ಕೂತಿದ್ದಳು. ಆಯಿಗೂ ಒಳಗೆ ಸಂಕಟ. ಒಂದು ಕಡೆ ಮೊಮ್ಮಗಳು, ಒಂದು ಕಡೆ ದೇವರು.

“ನಿಮ್ಮ ಮನಿ ಐನಾರನ್ನ ಒಂದ್ ಮಾತ ಕೇಳೂಣೇನ್ರಿ ಆಯಿ?” ಎಂದೆ. ಐನಾರು ಅಂದರೆ ಮನೆಯ ಪೂಜೆ, ಮದುವೆ ಎಲ್ಲ ನಡೆಸಿಕೊಡುವವರು. ಅವರೇನು ಹೇಳುತ್ತಾರೋ ಎಂಬ ಭಯ ನನಗೂ ಇತ್ತು. ಶ್ರಾವಣದ ತನಕ ಮುಹೂರ್ತ ಇಲ್ಲ ಅಂದುಬಿಟ್ಟರೆ ಹಲ್ಲಿನ ಗತಿ ಮುಗಿಯಿತು.

ಅದೇ ಸಂಜೆ ಆಯಿ ಐನಾರನ್ನು ಕರೆತಂದರು. ಐನಾರು ಕನ್ನಡಕ ಏರಿಸಿ, ನನ್ನ ಸಣ್ಣ ಕನ್ನಡಿ ಇಸಕೊಂಡು, ಹುಡುಗಿಯ ಬಾಯಲ್ಲಿ ಪಂಚಾಂಗ ಓದುವ ಹಾಗೆ ನೋಡಿದರು. ಬಹಳ ಹೊತ್ತು ನೋಡಿದರು.

“ಕಟ್ಟಿದವ್ರ ಬಿಚ್ಚಬೇಕು. ಕ್ರಮಾ ಲಗ್ನದ ಕಂಕಣದ್ದ. ಮುಹೂರ್ತ ನಾಳೆ ಮುಂಜಾನೆ ಭಾಳ ಚಲೋ ಐತಿ.”

ಆಯಿ ಸೆರಗು ಒಡ್ಡಿ ನಮಸ್ಕಾರ ಮಾಡಿ, ಹೂವು ಹಣ್ಣು ತರಲು ಬಜಾರಕ್ಕೆ ಹೊರಟರು. ನಾನು ಐನಾರಿಗೆ ಕೈ ಮುಗಿದೆ. “ಇಷ್ಟ ಲಗೂನ ಚಲೋ ಮುಹೂರ್ತ ಸಿಕ್ಕಿದ್ದು ಶಿವನ ದಯಾರಿ.”

ಐನಾರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ಶಿವನ ದಯಾ ಇರಲಿ ಅಕ್ಕಾರ. ಈಗ ಹಲ್ಲ ಅಡ್ಡ ಬಂತಂದ್ರ, ಮುಂದ ಈ ಹುಡುಗಿಗೆ ವರಾ ನೋಡಂತ ಆಯಿ ನನ್ನ ಹಿಂದ ಬೀಳತಾಳ. ಅದಕಿಂತ ಇವತ್ತ ಮುಹೂರ್ತ ಇಡೂದು ಹಗುರ.”

ಕಂಕಣ ಬಿಚ್ಚಿದ ದಿನ

ಮರುದಿನ ದವಾಖಾನೆ ತೆರೆಯುವ ಮೊದಲೇ ಬಾಗಿಲಲ್ಲಿ ರಂಗೋಲಿ ಬಿದ್ದಿತ್ತು. ಮುರಗೋಡದಿಂದ ಆಯಿ, ಸೊಸೆ, ಹುಡುಗಿ, ಹುಡುಗಿಯ ತಂಗಿ, ಐನಾರು, ಆರತಿ ತಾಟು ಹಿಡಿದ ಬಾಜೂಮನೆಯ ಹೆಂಗಸರು ಎಲ್ಲ ಬಂದಿದ್ದರು. ನನ್ನನ್ನು ಬಿಡಲು ಬಂದಿದ್ದ ನಮ್ಮ ಮನೆಯವರು, “ಇಲ್ಲೇ ಯಾರದರ ಲಗ್ನ ಐತೇನು?” ಅಂದರು. “ಒಂದು ಹಲ್ಲಿಂದು” ಅಂದೆ. ಅವರು ಕಾಲೇಜಿಗೆ ಪಾಠ ಹೇಳಲು ಹೋಗುವುದನ್ನು ಮುಂದಕ್ಕೆ ಹಾಕಿ ಪೇಪರ್ ಹಿಡಿದು ಹೊರಗಿನ ಬೆಂಚಿನ ಮೇಲೆ ಕೂತುಬಿಟ್ಟರು.

ಆರತಿಗೆ ಐದು ಮುತ್ತೈದೆಯರು ಬೇಕು, ಒಬ್ಬರು ಕಡಿಮೆ. ಆಯಿ ಬೆಂಚಿನ ಸಾಲನ್ನು ಒಮ್ಮೆ ನೋಡಿದರು. ಹಿಂದಿನ ದಿನ ಹಲ್ಲು ಕೀಳಿಸಿಕೊಂಡು, ರಕ್ತ ಪೂರ್ತಿ ನಿಂತಿಲ್ಲವೆಂದು ತೋರಿಸಲು ಬಂದಿದ್ದ ಒಬ್ಬ ಹೆಂಗಸು ಹತ್ತಿ ಕಚ್ಚಿಕೊಂಡು ಕೂತಿದ್ದರು. ಆಯಿ ಅವರ ಕೈ ಹಿಡಿದು ಎಬ್ಬಿಸಿದರು. ಅವರು ಹತ್ತಿಯ ಕಡೆ ಬೆರಳು ತೋರಿಸಿದರು.

“ನೀವು ಹಾಡೂದು ಬ್ಯಾಡವಾ. ನಿಂತ್ರ ಸಾಕು.”

ನಾನು ಕೈ ತೊಳೆದು ಬರುವಷ್ಟರಲ್ಲಿ ಒಂದು ಅನಾಹುತ ಆಗಿತ್ತು. ಸ್ವಚ್ಛ ಮಾಡಿ ಇಟ್ಟಿದ್ದ ಇಕ್ಕಳಕ್ಕೆ ಅರಿಷಿಣ ಕುಂಕುಮ ಹಚ್ಚಿ, ಅದರ ಬಾಯಿಗೆ ಒಂದು ಸೇವಂತಿಗೆ ಕಚ್ಚಿಸಿ ಆಯಿ ಪೂಜೆ ಮುಗಿಸಿದ್ದರು. ನಮ್ಮ ಸಿಸ್ಟರ್ ಗೋಡೆಗೆ ಒರಗಿ ನನ್ನ ಮುಖ ನೋಡುತ್ತಿದ್ದಳು. ನಾನು ಇನ್ನೊಂದು ಇಕ್ಕಳದ ಪ್ಯಾಕೆಟ್ ಒಡೆದೆ.

“ಪೂಜಿ ಮಾಡಿದ್ದ ಬಿಟ್ಟು ಅದನ್ಯಾಕ ತಗೊಂಡ್ರಿ?” ಆಯಿಯ ದನಿ ಏರಿತು.

“ಪೂಜಿ ಆದದ್ದನ್ನ ಎಂಜಲ ಬಾಯಿಗೆ ಹೆಂಗ ಹಾಕೂದ್ರಿ ಆಯಿ?”

ಆಯಿ ನಾಲಿಗೆ ಕಚ್ಚಿಕೊಂಡರು. ಹೂ ಕಚ್ಚಿದ ಇಕ್ಕಳವನ್ನು ಎರಡೂ ಕೈಯಿಂದ ಎತ್ತಿ ದೇವರ ಫೋಟೋದ ಮುಂದೆ ಇಟ್ಟು, “ಇಷ್ಟ ತಿಳದಾಕಿ ಸಿಮೆಂಟ ಸಿಮೆಂಟ ಅಂತ ಯಾಕ ಹಟಾ ಮಾಡತಿದ್ಳೋ” ಎಂದು ನನಗೆ ಕೇಳುವ ಹಾಗೆ ಫೋಟೋಕ್ಕೆ ಹೇಳಿದರು.

ಹುಡುಗಿಯನ್ನು ಮಲಗಿಸಿದೆ. ಅವಳು ಬಾಯಿ ತೆರೆದಳು. ಸೋಬಾನೆ ಹಾಡು ಶುರುವಾಯಿತು. ಎಂಜಲು ಹೀರುವ ಯಂತ್ರ ಸಿಸ್ಟರ್ ಕೈಯಲ್ಲಿ ಗುರ್ ಅಂತ ಶ್ರುತಿ ಹಿಡಿಯಿತು. ನಾನು ಇಕ್ಕಳ ಉಂಗುರಕ್ಕೆ ತಾಗಿಸಿದೆ.

“ತಡೀರಿ” ಎಂದರು ಆಯಿ. “ಬಿಚ್ಚಾವ್ರು ಹೆಸರ ಹೇಳಬೇಕು.”

ಲಗ್ನದಲ್ಲಿ ಕಂಕಣ ಬಿಚ್ಚುವಾಗ ಪ್ರಾಸದ ಸಾಲಿನಲ್ಲಿ ಒಡಪು ಕಟ್ಟಿ ಗಂಡನ ಹೆಸರು ಹೇಳುವ ಪದ್ಧತಿ ನಮ್ಮಲ್ಲಿದೆ. ನನ್ನ ಲಗ್ನದಲ್ಲಿ ಹೇಳಿದ್ದೆ, ಆಮೇಲೆ ಅವರ ಹೆಸರು ನನ್ನ ಬಾಯಲ್ಲಿ ಬಂದದ್ದಿಲ್ಲ. ಹೊರಗೆ ಬೆಂಚಿನಲ್ಲಿ ಪೇಪರ್ ಸರಸರ ಅನ್ನುವುದು ನಿಂತಿತು.

“ಆಯಿ, ಹುಡುಗಿ ಬಾಯಿ ತಕ್ಕೊಂಡ ಮಲಗ್ಯಾಳ.”

“ಅಕೀ ಮಲಗತಾಳ. ನೀವು ಹೇಳ್ರಿ.”

ನಾನು ಐನಾರ ಕಡೆ ನೋಡಿದೆ. ಅವರು ಸೂರಿನ ಕಡೆ ನೋಡಿದರು. ಹುಡುಗಿಯೂ ಬಾಯಿ ತೆರೆದಂತೆಯೇ ಕಣ್ಣು ನನ್ನ ಕಡೆ ಹೊರಳಿಸಿ ಕಾಯುತ್ತಿದ್ದಳು. ಶಿವನ ಹೆಸರು ಹೇಳಿ ಸಿಕ್ಕಿಬಿದ್ದವಳು ಗಂಡನ ಹೆಸರು ಹೇಳಿ ಬಿಡಿಸಿಕೊಳ್ಳಬೇಕಾಯಿತು. ತೋಚಿದಷ್ಟು ಕಟ್ಟಿದೆ:

“ಮುರಗೋಡದ ದಾರ್ಯಾಗ ಹತ್ತೀಯ ಹೊಲ,
ರಾಯರ ಹೆಸರು ಹೇಳತೇನಿ, ಬಾಯಿ ತೆರಿ ಒಂದ್ ಸಲ.”

ರಾಯರು ಅನ್ನುವ ಮಾತಿನ ಮುಂದೆ ಅವರ ಹೆಸರನ್ನೂ ಇಟ್ಟೇ ಹೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಒಂದೇ ದಿನಕ್ಕೆ ಅಷ್ಟು ಸಾಕು. ಹೆಂಗಸರು ಹೋ ಅಂದರು. ಹತ್ತಿ ಕಚ್ಚಿಕೊಂಡವರೂ ಮೂಗಿನಿಂದಲೇ ಹೋ ಅಂದರು. ಹೊರಗಿನಿಂದ ನಮ್ಮ ಮನೆಯವರ ದನಿ ಬಂತು: “ಇನ್ನೊಂದ ಸಲ ಹೇಳ್ರಿ, ಇಲ್ಲೆ ಸರಿಯಾಗಿ ಕೇಳಸಲಿಲ್ಲ.”

ಅವರ ಪಕ್ಕದಲ್ಲಿ ಗಲ್ಲ ಊದಿಸಿಕೊಂಡು ಕೂತಿದ್ದವರೊಬ್ಬರು ಕೇಳಿದ್ದೂ ಕೇಳಿಸಿತು: “ನನ್ನ ಹಲ್ಲ ಕೀಳೂವಾಗೂ ನಾ ಹೇಂತಿ ಹೆಸರ ಹೇಳಬೇಕೇನ್ರಿ?”

ನಾನು ಇಕ್ಕಳ ಒತ್ತಿದೆ. ಹಳೆಯ ಸಿಮೆಂಟು ಚಿಟ್ಟೆಂದು ಬಿಟ್ಟಿತು. ಉಂಗುರ ಕೈಗೆ ಬಂತು. ಅದರ ಕೆಳಗೆ, ಉಬ್ಬಿದ ವಸಡಿನ ನಡುವೆ, ಹಾಲು ತುಂಬಿದ ಜೋಳದ ಕಾಳಿನಷ್ಟು ಬೆಳ್ಳಗೆ ಹೊಸ ಹಲ್ಲಿನ ತುದಿ. ನೆಟ್ಟಗೆ, ತನ್ನದೇ ಜಾಗದಲ್ಲಿ. ಅಡ್ಡ ತಿರುಗುವಷ್ಟು ತಡವಾಗಿರಲಿಲ್ಲ. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ಆಯಿ ಬಹಳ ಹೊತ್ತು ನೋಡಿದರು, ಮೊಮ್ಮಗಳ ಗಲ್ಲಕ್ಕೆ ಬೆರಳು ತಾಗಿಸಿ ನೆಟಿಗೆ ತೆಗೆದರು. ಹುಡುಗಿ ಎದ್ದು ಬಾಯಿ ಮುಚ್ಚಿ, ತೆರೆದು, ಮತ್ತೆ ಮುಚ್ಚಿ, “ಆಯಿ, ನೋವಿಲ್ಲ” ಅಂದಳು. ಈ ಗದ್ದಲದಲ್ಲೂ, ರೂಢಿಯಿಂದ ಕರೆದವಳನ್ನು ಶಿವ ಕೈಬಿಡಲಿಲ್ಲ.

ಹಲ್ಲಿನ ದವಾಖಾನೆಯಲ್ಲಿ ನಿಂತು ಆಯಿ ಎಲ್ಲರಿಗೂ ಬಾಯಿ ತುಂಬ ಸಕ್ಕರೆ ಹಂಚಿದರು. ಸಕ್ಕರೆ ಹಲ್ಲಿಗೆ ಒಳ್ಳೆಯದಲ್ಲ ಎಂದು ಬರೆದ ಬೋರ್ಡಿನ ಕೆಳಗೆ ನಿಂತು ನಾನೂ ಕೈ ಒಡ್ಡಿ ತಿಂದೆ. ಪ್ರಸಾದಕ್ಕೆ ಇಲ್ಲ ಅನ್ನಬಾರದು.

ಎಲ್ಲರೂ ಹೊರಟರು. ಬಾಗಿಲ ತನಕ ಹೋದ ಆಯಿ ಏನೋ ನೆನಪಾದವರ ಹಾಗೆ ತಿರುಗಿ ಬಂದರು. ಹುಡುಗಿಯ ತಂಗಿಯನ್ನು ಮುಂದೆ ತಳ್ಳಿ, ಅವಳ ಬಾಯಿ ತೆರೆಸಿ ತೋರಿಸಿದರು. ಹಾಲುದವಡೆ ಹುಳುಕಾಗಿ ಬೇರು ಮಾತ್ರ ಉಳಿದಿತ್ತು.

“ಇದನ್ನ ಕೀಳಬೇಕಾಕ್ಕೈತಿ ಆಯಿ. ಇಕೀಗೂ ಉಂಗುರ ಬೇಕು.”

“ಗೊತ್ತೈತಿ ತಂಗಿ. ಕಟ್ರಿ.” ಆಯಿ ಆರತಿ ತಾಟು, ತೆಂಗಿನಕಾಯಿ, ಮುತ್ತೈದೆಯರು, ಐನಾರು, ಹೊರಗೆ ಇನ್ನೂ ನಗುತ್ತ ನಿಂತಿದ್ದ ನಮ್ಮ ಮನೆಯವರು ಎಲ್ಲರನ್ನೂ ಒಂದು ಸುತ್ತು ನೋಡಿ, ನನ್ನ ಕಿವಿಯ ಹತ್ತಿರ ಬಂದರು. “ಆದ್ರ ಈ ಸಲ ಮಂತ್ರಾ ಹಾಕಬ್ಯಾಡ್ರಿ, ಬರೇ ಸಿಮೆಂಟ ಸಾಕು. ಬಿಚ್ಚೂದು ಭಾಳ ತ್ರಾಸ ಆಕ್ಕೈತಿ.”